ಸ್ವಿಫ್ಟ್ ಕ್ಲಾಸಿನೊಳಗೆ ಸಿ ಕಾಲ್‌ಬ್ಯಾಕ್: ಕರೆ ಬಂತು, ಯಾರಿಗೆ?

ಪಠ್ಯವನ್ನು ಓದಿಹೇಳುವ ಇ-ಸ್ಪೀಕ್ ಎನ್‌ಜಿ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಅಂಧರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಜೊತೆಯಲ್ಲೇ ಅದು ಸಿಗುತ್ತದೆ. ಅದನ್ನು ಬರೆದಿರುವುದು ಸಿ ಭಾಷೆಯಲ್ಲಿ. ಐಫೋನ್ ಆಪ್‌ಗಳನ್ನು ಈಗ ಹೆಚ್ಚಾಗಿ ಬರೆಯುವುದು 2014ರಲ್ಲಿ ಆಪಲ್ ಪರಿಚಯಿಸಿದ ಸ್ವಿಫ್ಟ್‌ನಲ್ಲಿ. ಎರಡನ್ನೂ ಜೋಡಿಸಲು ಹೊರಟವರು ಸಾಮಾನ್ಯವಾಗಿ ಎಡವುವುದು ಕಾಲ್‌ಬ್ಯಾಕ್ ಹತ್ತಿರ.

ಕಾಲ್‌ಬ್ಯಾಕ್ ಎಂದರೆ "ಕೆಲಸ ಆದಾಗ ಈ ಫಂಕ್ಷನ್ನಿಗೆ ತಿಳಿಸಿ" ಎಂದು ಮೊದಲೇ ಹೇಳಿಡುವುದು. ಇ-ಸ್ಪೀಕ್ ಧ್ವನಿಯ ತುಣುಕು ಸಿದ್ಧವಾದಾಗಲೆಲ್ಲ ನಮ್ಮ ಫಂಕ್ಷನ್ನನ್ನು ಕರೆಯುತ್ತದೆ. ನಾವು 0 ಎಂದರೆ ಮುಂದುವರಿಯುತ್ತದೆ, 1 ಎಂದರೆ ನಿಲ್ಲುತ್ತದೆ.

ಮನೆಮನೆಗೆ ಫೋನ್ ಇಲ್ಲದ ಕಾಲದ 'ಪಿಪಿ ನಂಬರ್' ನೆನಪಿದೆಯೇ? ಮುರುಗಮಲ್ಲದಂಥ ಊರಿನಲ್ಲಿ ಅಂಗಡಿಯ ಫೋನಿಗೆ ಕರೆ ಬಂದರೆ, ಯಾರನ್ನು ಕರೆಯಬೇಕೆಂದು ಹೆಸರು ಹೇಳಲೇಬೇಕಿತ್ತು. ಸಿ ಭಾಷೆಯ ಫಂಕ್ಷನ್ ಪಾಯಿಂಟರ್ ಬರೀ ನಂಬರ್ ಇದ್ದಂತೆ, ಅದರಲ್ಲಿ ಹೆಸರಿಲ್ಲ. ಸ್ವಿಫ್ಟ್ ಕ್ಲಾಸಿನ ಮೆಥಡ್‌ಗಾದರೋ 'ಯಾವ ಆಬ್ಜೆಕ್ಟ್' ಎಂಬುದು, ಅಂದರೆ ಸೆಲ್ಫ್, ಬೇಕೇ ಬೇಕು. ಕ್ಲೋಷರ್ ಕೊಟ್ಟರೆ ಸಾಕಲ್ಲವೇ ಎಂದು ಹಲವರು ಭಾವಿಸುತ್ತಾರೆ. ಆ ಕ್ಲೋಷರ್ ಸೆಲ್ಫ್ ಅನ್ನು ಹಿಡಿದಿಟ್ಟುಕೊಂಡಿದ್ದರೆ ಕಂಪೈಲರ್ ಒಪ್ಪುವುದಿಲ್ಲ. ಅದು ಹಠವಲ್ಲ: ಬರೀ ವಿಳಾಸ ಹಿಡಿಸುವ ಜಾಗದಲ್ಲಿ ಗಂಟುಮೂಟೆಗೆ ಎಡೆಯಿಲ್ಲ.

ಹಾಗಾದರೆ ಹೆಸರನ್ನು ಕಳಿಸುವುದು ಹೇಗೆ? ಅನೇಕ ಸಿ ಲೈಬ್ರರಿಗಳು ಅದಕ್ಕೆಂದೇ 'ಯೂಸರ್ ಡೇಟಾ' ಎಂಬ ಪಾಯಿಂಟರ್ ಜಾಗ ಇಟ್ಟಿರುತ್ತವೆ. ಇ-ಸ್ಪೀಕ್‌ನಲ್ಲೂ ಇದೆ, ಓದಲು ಹೇಳುವಾಗ ಕೊಟ್ಟದ್ದು ಕಾಲ್‌ಬ್ಯಾಕ್‌ನ ಈವೆಂಟ್‌ನೊಳಗೆ ಹಾಗೆಯೇ ವಾಪಸು ಬರುತ್ತದೆ. ಸ್ವಿಫ್ಟ್‌ನ 'ಅನ್‌ಮ್ಯಾನೇಜ್ಡ್' ಬಳಸಿ ಆಬ್ಜೆಕ್ಟನ್ನು ಪಾಯಿಂಟರ್ ಮಾಡಿ ಕಳಿಸಿ, ಕಾಲ್‌ಬ್ಯಾಕ್‌ನಲ್ಲಿ ಮತ್ತೆ ಆಬ್ಜೆಕ್ಟ್ ಮಾಡಿಕೊಂಡು ಮೆಥಡ್ ಕರೆದರಾಯಿತು. ಇಂಥ ಜಾಗವೇ ಇಲ್ಲದ ಫಂಕ್ಷನ್‌ಗಳೂ ಇವೆ (ಸಿ ಭಾಷೆಯ 'ಅಟ್‌ಎಕ್ಸಿಟ್' ಹಾಗೆ). ಅಲ್ಲಿ ಗ್ಲೋಬಲ್ ವೇರಿಯಬಲ್ಲೇ ಗತಿ.

ನಿಜವಾದ ಅಪಾಯ ಇರುವುದು ಮುಂದೆ. ಬಳಕೆದಾರರು ಓದು ಮುಗಿಯುವ ಮೊದಲೇ ಪರದೆ ಮುಚ್ಚಿದರು ಎನ್ನಿ. ಸ್ವಿಫ್ಟ್ ಆ ಆಬ್ಜೆಕ್ಟನ್ನು ಮೆಮೊರಿಯಿಂದ ತೆಗೆದುಹಾಕಬಹುದು. ಸಿ ಕಡೆಗೆ ಸುದ್ದಿಯೇ ಇಲ್ಲ. ಮನೆ ಖಾಲಿಮಾಡಿ ಹೋದವರ ಹೆಸರಿಗೆ ಕರೆ ಬಂದಂತೆ, ಆಪ್ ಅಲ್ಲೇ ಕುಸಿಯುತ್ತದೆ. ಕಣ್ಣಿಂದ ನೋಡುವವರಿಗೆ ಆಪ್ ಮುಚ್ಚಿಹೋದದ್ದಾದರೂ ಕಾಣುತ್ತದೆ. ಕಿವಿಯನ್ನೇ ನಂಬಿದವರಿಗೆ ಅರ್ಧ ವಾಕ್ಯದಲ್ಲಿ ದನಿ ನಿಂತದ್ದಷ್ಟೇ ಗೊತ್ತಾಗುತ್ತದೆ.

ಆದ್ದರಿಂದ ಕಳಿಸುವಾಗ 'ಪಾಸ್‌ರಿಟೇನ್ಡ್' ಬಳಸಿ ಆಬ್ಜೆಕ್ಟನ್ನು ಉಳಿಸಿಕೊಳ್ಳುವುದೇ ಕ್ಷೇಮ. ಕಾಲ್‌ಬ್ಯಾಕ್ ಹಲವು ಬಾರಿ ಬರುವುದರಿಂದ ಅದರೊಳಗೆ 'ಟೇಕ್‌ಅನ್‌ರಿಟೇನ್ಡ್‌ವ್ಯಾಲ್ಯೂ' ಮಾತ್ರ ಬಳಸಬೇಕು. ಪ್ರತಿಸಲ 'ಟೇಕ್‌ರಿಟೇನ್ಡ್‌ವ್ಯಾಲ್ಯೂ' ಬಳಸಿದರೆ ಒಂದು ಸಲ ಉಳಿಸಿದ್ದನ್ನು ಹತ್ತು ಸಲ ಬಿಟ್ಟಂತೆ. ಕೊನೆಯಲ್ಲಿ ಮೊದಲು ಇ-ಸ್ಪೀಕ್‌ನ 'ಕ್ಯಾನ್ಸಲ್' ಕರೆದು ಓದು ನಿಲ್ಲಿಸಿ, ಆಮೇಲೆ ಒಂದೇ ಒಂದು ಬಾರಿ 'ರಿಲೀಸ್' ಮಾಡಿ. ಈ ಕ್ರಮ ತಿರುಗುಮುರುಗಾದರೆ ಮತ್ತೆ ಅದೇ ಕುಸಿತ.

ಇನ್ನೊಂದು ಮಾತು: ಕಾಲ್‌ಬ್ಯಾಕ್ ಕೆಲವೊಮ್ಮೆ ಬೇರೆ ಥ್ರೆಡ್‌ನಿಂದ ಬರುತ್ತದೆ. ಓದುತ್ತಿರುವ ಪದವನ್ನು ಪರದೆಯಲ್ಲಿ ಎತ್ತಿ ತೋರಿಸುವಂಥ ಕೆಲಸವಿದ್ದರೆ ಅದನ್ನು ಮುಖ್ಯ ಥ್ರೆಡ್‌ಗೆ ದಾಟಿಸಿ.