ಬೆಂಗಳೂರು ರಾಯಲ್ಸ್ ಎಲ್ಲಿ ಹೋಯ್ತು? ಎರಡೇ ಸೀಸನ್ ಆಡಿದ ಒಂದು ತಂಡದ ಕಥೆ

ಮಂಡ್ಯದಿಂದ ಮಾತಾಡ್ತಿದ್ದೀನಿ. ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ರೈಲಲ್ಲೋ ಕೂತಿರೋರಿಗೆ ಮೊದಲು ಒಂದು ಪ್ರಶ್ನೆ. ಬ್ರೆಜಿಲ್‌ನ ರೊನಾಲ್ಡಿನೊ ಗೊತ್ತಲ್ಲ? 2002ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದೋರು. ಅವರು ಭಾರತಕ್ಕೆ ಬಂದು ಒಂದೇ ಪಂದ್ಯದಲ್ಲಿ ಐದು ಗೋಲ್ ಹೊಡೆದರು. ಯಾರ ಮೇಲೆ? ನಮ್ಮ ಬೆಂಗಳೂರಿನ ಮೇಲೆ.

ವರ್ಷ 2016, ಜುಲೈ ತಿಂಗಳು. ಗೋವಾ 5ಎಸ್ ಏಳು, ಬೆಂಗಳೂರು 5ಎಸ್ ಎರಡು. ಈ ಪಂದ್ಯ ನೆನಪಿದೆಯಾ ಅಂತ ಮಂಡ್ಯ, ಮದ್ದೂರು, ಮಳವಳ್ಳಿಯ ನನ್ನ ಸ್ನೇಹಿತರನ್ನ ಕೇಳ್ದೆ. ಎಲ್ಲರೂ ಮೊಬೈಲಲ್ಲೇ ಫುಟ್‌ಬಾಲ್ ನೋಡೋ ಹುಡುಗರು. ‘ಬೆಂಗಳೂರಿಗೆ ಅಂಥ ತಂಡ ಬೇರೆ ಇತ್ತೇನೋ?’ ಅಂದರು. ಇತ್ತು ಕಣ್ರಪ್ಪಾ. ಇವತ್ತಿನ ಮಾತು ಆ ತಂಡದ ಬಗ್ಗೇನೇ. ದೊಡ್ಡ ಊರಿನ ಹೆಸರು, ದೊಡ್ಡ ಆಟಗಾರರು, ಟಿವಿ ಎಲ್ಲ ಇದ್ದ ಒಂದು ತಂಡ ಎರಡೇ ಸೀಸನ್ನಿಗೆ ಮಾಯವಾದರೆ ಯಾರೂ ಯಾಕೆ ಕೇಳಲಿಲ್ಲ?

ಮೊದಲು ಆಟ ಏನು ಅಂತ ಹೇಳ್ತೀನಿ. ಫುಟ್ಸಲ್ ಅಂದರೆ ಒಳಾಂಗಣ ಫುಟ್‌ಬಾಲ್. ಒಂದು ಕಡೆ ಗೋಲ್‌ಕೀಪರ್ ಸೇರಿ ಐದು ಜನ. ಅಂತರರಾಷ್ಟ್ರೀಯ ಪಂದ್ಯಕ್ಕೆ ಅಂಕಣ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಚೆಂಡು ಸ್ವಲ್ಪ ಚಿಕ್ಕದು, ಪುಟಿಯೋದೂ ಕಮ್ಮಿ. ಹಾಗಾಗಿ ಜೋರಾಗಿ ಒದ್ದು ಓಡೋ ಆಟ ಅಲ್ಲ ಇದು, ಕಾಲಿನ ಕೈಚಳಕದ ಆಟ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಅನ್ನೋ ಶಿಕ್ಷಕರು ವೈಎಂಸಿಎಯಲ್ಲಿ ಇದನ್ನ ರೂಪಿಸಿದರು. ಫಿಫಾ ತನ್ನ ಮೊದಲ ಫುಟ್ಸಲ್ ವಿಶ್ವಕಪ್ ನಡೆಸಿದ್ದು 1989ರಲ್ಲಿ, ನೆದರ್ಲೆಂಡ್ಸ್‌ನಲ್ಲಿ.

ಈ ಆಟವನ್ನ ಐಪಿಎಲ್ ಮಾದರಿಯಲ್ಲಿ ಭಾರತಕ್ಕೆ ತಂದಿದ್ದು ಪ್ರೀಮಿಯರ್ ಫುಟ್ಸಲ್ ಅನ್ನೋ ಖಾಸಗಿ ಲೀಗ್. 2016ರ ಜುಲೈ 15ರಿಂದ 24ರವರೆಗೆ, ಬರೀ ಹತ್ತು ದಿನ. ಆರು ತಂಡ: ಮುಂಬೈ, ಚೆನ್ನೈ, ಗೋವಾ, ಕೊಚ್ಚಿ, ಕೋಲ್ಕತ್ತ, ಬೆಂಗಳೂರು. ಎಲ್ಲದರ ಹೆಸರಿನ ಮುಂದೂ ‘5ಎಸ್’. ಪ್ರತಿ ತಂಡಕ್ಕೂ ಒಬ್ಬ ದೊಡ್ಡ ತಾರೆ. ಗೋವಾಗೆ ರೊನಾಲ್ಡಿನೊ, ಮುಂಬೈಗೆ ರಯಾನ್ ಗಿಗ್ಸ್, ನಮಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಪಾಲ್ ಸ್ಕೋಲ್ಸ್. ಲೀಗಿನ ಅಧ್ಯಕ್ಷ ಪೋರ್ಚುಗಲ್‌ನ ಲೂಯಿಸ್ ಫಿಗೊ, ರಾಯಭಾರಿ ವಿರಾಟ್ ಕೊಹ್ಲಿ, ಥೀಮ್ ಹಾಡು ಎ.ಆರ್. ರೆಹಮಾನ್ ಅವರದು. ಬೆಂಗಳೂರು ತಂಡದ ಮಾಲೀಕರಾಗಿ ನಮ್ಮ ಪುನೀತ್ ರಾಜ್‌ಕುಮಾರ್. ಇಷ್ಟು ಹೆಸರು ಒಂದೇ ಪೋಸ್ಟರ್ ಮೇಲೆ!

ಆದರೆ ಆ ಪೋಸ್ಟರ್‌ನಲ್ಲಿ ಒಂದು ಕೊರತೆ ಇತ್ತು. ಆ ವರ್ಷದ ಪಂದ್ಯಗಳು ನಡೆದಿದ್ದು ಚೆನ್ನೈ ಮತ್ತು ಗೋವಾದಲ್ಲಿ. ಅಂದರೆ ಬೆಂಗಳೂರು 5ಎಸ್ ಅನ್ನೋ ತಂಡ ತನ್ನ ಮೊದಲ ಸೀಸನ್ನಲ್ಲಿ ಬೆಂಗಳೂರಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸೆಮಿಫೈನಲ್ ತಲುಪಲೂ ಇಲ್ಲ. ಫೈನಲ್ಲಲ್ಲಿ ಮುಂಬೈ ತಂಡ ಕೊಚ್ಚಿಯನ್ನ ಪೆನಾಲ್ಟಿಯಲ್ಲಿ ಸೋಲಿಸ್ತು. ರೊನಾಲ್ಡಿನೊ ಕೂಡ ಮಧ್ಯದಲ್ಲೇ ರಿಯೊ ಪ್ಯಾರಾಲಿಂಪಿಕ್ಸ್ ಕೆಲಸಕ್ಕೆ ಅಂತ ವಾಪಸ್ ಹೊರಟರು, ಅವರ ಜಾಗಕ್ಕೆ ಕಾಫು ಬಂದರು.

ಆ ಕಾಲವನ್ನೂ ಸ್ವಲ್ಪ ನೆನಪು ಮಾಡ್ಕೊಳ್ಳಿ. ಜಿಯೊ ಶುರುವಾಗಿದ್ದು 2016ರ ಸೆಪ್ಟೆಂಬರ್ 5ಕ್ಕೆ, ಲೀಗ್ ಮುಗಿದು ಆರು ವಾರ ಆದಮೇಲೆ. ನಾನಾಗ ಬಿ.ಕಾಂ. ಓದ್ತಿದ್ದೆ. ಒಂದು ಜಿಬಿ ಡೇಟಾ ಹಾಕಿಸಿದರೆ ತಿಂಗಳು ಪೂರ್ತಿ ಎಳೀಬೇಕಿತ್ತು. ಮೊಬೈಲಲ್ಲಿ ಮ್ಯಾಚ್ ನೋಡೋದು ಕನಸು. ಸೋನಿ ಸ್ಪೋರ್ಟ್ಸ್ ಚಾನೆಲ್ ಇರೋ ಮನೆ ಹುಡುಕಬೇಕಿತ್ತು, ಅಲ್ಲಿ ಅಜ್ಜಿ ಸೀರಿಯಲ್ ಬಿಟ್ಟುಕೊಡಬೇಕಿತ್ತು. ಹಾಗಾಗಿ ತಂಡದ ಬಗ್ಗೆ ನಮ್ಮ ಕಡೆಗೆ ಬಂದಿದ್ದು ಪೇಪರ್‌ನ ಫೋಟೊ, ಅಷ್ಟೇ.

2017ರಲ್ಲಿ ಎರಡನೇ ಸೀಸನ್. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 1ರವರೆಗೆ ಮುಂಬೈ, ಬೆಂಗಳೂರು, ದುಬೈ ಈ ಮೂರು ಕಡೆ. ಈ ಸಲ ಬೆಂಗಳೂರಲ್ಲೂ ಪಂದ್ಯ ನಡೀತು. ಆದರೆ ಅಷ್ಟರಲ್ಲಿ ತಂಡದ ಹೆಸರೇ ಬದಲಾಗಿತ್ತು. ಬೆಂಗಳೂರು 5ಎಸ್ ಹೋಗಿ ಬೆಂಗಳೂರು ರಾಯಲ್ಸ್ ಆಯ್ತು. ಮುಂಬೈ ವಾರಿಯರ್ಸ್, ಡೆಲ್ಲಿ ಡ್ರ್ಯಾಗನ್ಸ್, ಕೇರಳ ಕೋಬ್ರಾಸ್, ತೆಲುಗು ಟೈಗರ್ಸ್, ಹೀಗೆ ಎಲ್ಲದಕ್ಕೂ ಹೊಸ ಬೋರ್ಡು. ಮೂರನೇ ಸೀಸನ್ ನಡೆಯಲೇ ಇಲ್ಲ. ಲೀಗ್ ಜೊತೆ ತಂಡವೂ ಹೋಯ್ತು.

ಈಗ ನನ್ನ ಕಾಮರ್ಸ್ ತಲೆಗೆ ಬರ್ತೀನಿ. ಅಕೌಂಟೆನ್ಸಿ ಓದಿರೋರಿಗೆ ‘ಗುಡ್‌ವಿಲ್’ ಗೊತ್ತು. ಅಂಗಡಿಯ ಕಟ್ಟಡ, ಸರಕು, ಬ್ಯಾಂಕಿನ ದುಡ್ಡು ಎಲ್ಲ ಲೆಕ್ಕ ಹಾಕಿದ ಮೇಲೂ ಉಳಿಯೋ ಬೆಲೆ ಅದು. ಮದ್ದೂರಲ್ಲಿ ರೈಲು ನಿಂತಾಗ ಮೆನು ಕೇಳದೇನೇ ಜನ ವಡೆ ಕೊಳ್ತಾರಲ್ಲ, ಅದು ಊರಿನ ಹೆಸರಿಗೆ ನೂರು ವರ್ಷದಲ್ಲಿ ಸೇರಿರೋ ಗುಡ್‌ವಿಲ್.

ಒಂದು ಕ್ರೀಡಾ ತಂಡದ ಆಸ್ತಿ ಏನು? ಸ್ವಂತ ಮೈದಾನ, ವರ್ಷಗಟ್ಟಲೆ ಜೊತೆಗಿರೋ ಆಟಗಾರರು, ತರಬೇತಿ ಪಡೆಯೋ ಮಕ್ಕಳು, ಮತ್ತೆ ಗುಡ್‌ವಿಲ್. ಬೆಂಗಳೂರು ರಾಯಲ್ಸ್‌ನ ಪುಸ್ತಕ ತೆಗೆದು ನೋಡಿ. ಕ್ರೀಡಾಂಗಣ ಸ್ವಂತದ್ದಲ್ಲ. ವರ್ಷಕ್ಕೆ ಆಡಿದ್ದು ಎರಡು ವಾರ. ಇನ್ನು ಗುಡ್‌ವಿಲ್? ಒಂದೇ ವರ್ಷಕ್ಕೆ ಹೆಸರು ಬದಲಾಯಿಸಿದರೆ ಅದು ಸೊನ್ನೆಯಿಂದ ಶುರು. ಉಳಿದಿದ್ದು ಖರ್ಚಿನ ಕಡೆ ಮಾತ್ರ: ತಾರೆಯರ ಸಂಭಾವನೆ, ವಿಮಾನ, ಹೋಟೆಲ್, ಜಾಹೀರಾತು. ಆದಾಯ ಬರಬೇಕಾದ್ದು ಟಿವಿ ಹಕ್ಕು, ಪ್ರಾಯೋಜಕರು, ಟಿಕೆಟ್‌ನಿಂದ. ಈ ಮೂರೂ ಬೆಳೆಯೋಕೆ ವರ್ಷಗಳು ಬೇಕು, ಖರ್ಚು ಮಾತ್ರ ಮೊದಲ ದಿನವೇ ಪೂರ್ತಿ ಬರುತ್ತೆ.

ಇನ್ನೊಂದು ತೊಡಕೂ ಇತ್ತು. ನಮ್ಮ ದೇಶದ ಫುಟ್‌ಬಾಲ್ ನಡೆಸೋದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದರೆ ಎಐಎಫ್‌ಎಫ್. ಅದು ಈ ಲೀಗಿಗೆ ಮಾನ್ಯತೆ ಕೊಡಲಿಲ್ಲ. ಮಾನ್ಯತೆ ಇಲ್ಲದ ಲೀಗಲ್ಲಿ ಚೆನ್ನಾಗಿ ಆಡಿದರೂ ಅಲ್ಲಿಂದ ದೇಶದ ತಂಡಕ್ಕೆ ಮೆಟ್ಟಿಲಿಲ್ಲ. ಎಐಎಫ್‌ಎಫ್ ತನ್ನದೇ ಫುಟ್ಸಲ್ ಕ್ಲಬ್ ಚಾಂಪಿಯನ್‌ಷಿಪ್ ಶುರು ಮಾಡಿದ್ದು 2021ರಲ್ಲಿ. ಸ್ಕೋಲ್ಸ್ ಪಕ್ಕದಲ್ಲಿ ಬೆಂಚ್ ಮೇಲೆ ಕೂತಿದ್ದ ಭಾರತೀಯ ಹುಡುಗರಿಗೆ ಅದು ನಾಲ್ಕು ವರ್ಷ ತಡ. ತಾರೆಯರಿಗೆ ಹತ್ತು ದಿನದ ಕೆಲಸ ಇದು, ಬಂದರು, ಆಡಿದರು, ಹೋದರು. ಹುಡುಗರಿಗೆ ಅದು ಜೀವನದ ಚಾನ್ಸ್.

ಇದು ಭಾರತದ ಕಾಯಿಲೆ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ ಅರೇನಾ ಫುಟ್‌ಬಾಲ್ ಅಂತ ಒಂದಿದೆ, ಅಲ್ಲಿನ ಹೆಲ್ಮೆಟ್ ಹಾಕಿ ಆಡೋ ಫುಟ್‌ಬಾಲನ್ನ ಒಳಾಂಗಣಕ್ಕೆ ತಂದಿದ್ದು. 1981ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಳಾಂಗಣ ಸಾಕರ್ ಪಂದ್ಯ ನೋಡ್ತಿದ್ದ ಜಿಮ್ ಫಾಸ್ಟರ್ ಅನ್ನೋರು ಕೈಲಿದ್ದ ಲಕೋಟೆ ಮೇಲೇ ಈ ಆಟದ ನಕ್ಷೆ ಬರೆದರಂತೆ. 1987ರಲ್ಲಿ ಲೀಗ್ ಶುರುವಾಯ್ತು. 2009ರಲ್ಲಿ ಸೀಸನ್ ರದ್ದಾಗಿ ದಿವಾಳಿ ಆಯ್ತು, 2010ರಲ್ಲಿ ಮತ್ತೆ ಎದ್ದಿತು, 2019ರಲ್ಲಿ ಮತ್ತೆ ಮುಚ್ಚಿತು. ಅದರಲ್ಲಿ ಟ್ಯಾಂಪಾ ಬೇ ಸ್ಟಾರ್ಮ್ ಅನ್ನೋ ತಂಡ 1991ರಿಂದ 2017ರವರೆಗೆ ಒಂದೇ ಊರಲ್ಲಿತ್ತು, ಐದು ಸಲ ಚಾಂಪಿಯನ್. ಅದೂ ಮುಚ್ಚಿತು. ಹಾಗಾಗಿ ಊರಲ್ಲಿ ಬೇರಿದ್ದರೆ ತಂಡ ಸಾಯೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಬೇರಿದ್ದರೆ ಸತ್ತಾಗ ಊರಿಗೆ ಗೊತ್ತಾಗುತ್ತೆ. ಕೆಲವು ಸಲ ಊರೇ ಅದನ್ನ ಎಬ್ಬಿಸುತ್ತೆ.

ನಮ್ಮ ಮಂಡ್ಯದೋರಿಗೆ ಇದು ಬಿಡಿಸಿ ಹೇಳಬೇಕಾ? 1933ರ ಮೈಷುಗರ್ ಇದೆಯಲ್ಲ. ಕಾರ್ಖಾನೆ ನಿಂತಾಗ ರೈತರು ಸುಮ್ಮನಿರಲಿಲ್ಲ. ಖಾಸಗಿಗೆ ಕೊಡಬೇಡಿ ಅಂತ ಧರಣಿ ಕೂತರು. 2022ರಲ್ಲಿ ಸರ್ಕಾರವೇ ಮತ್ತೆ ಕಬ್ಬು ಅರೆಯೋಕೆ ಶುರು ಮಾಡ್ತು. ಯಾಕೆ? ರೈತರ ಷೇರು ಅದರಲ್ಲಿತ್ತು, ಅವರ ಕಬ್ಬು ಅದರೊಳಗೆ ಹೋಗ್ತಿತ್ತು. ಬೆಂಗಳೂರು ರಾಯಲ್ಸ್‌ನಲ್ಲಿ ಬೆಂಗಳೂರಿನೋರದ್ದು ಏನಿತ್ತು? ಹೆಸರೊಂದೇ.

ಅದೇ ಬೆಂಗಳೂರಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ನೋಡಿ. ಮೊದಲ ವರ್ಷ ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡ್ತು, ಆ ಸೀಸನ್ನಲ್ಲೇ ಐ-ಲೀಗ್ ಗೆದ್ದಿತು. ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಅಭಿಮಾನಿಗಳು ಗ್ಯಾಲರಿಯ ಒಂದು ಭಾಗವನ್ನೇ ತಮ್ಮದು ಮಾಡ್ಕೊಂಡರು. ಅದಕ್ಕೂ ಹಿಂದೆ ನಮ್ಮ ಮೈಸೂರು ರಾಜ್ಯದ ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಕರ್ನಾಟಕ ಅದನ್ನ ಮತ್ತೆ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ. 54 ವರ್ಷ ಕಾದರೂ ನೆನಪಿಟ್ಟುಕೊಂಡೋರು ಇದ್ದರು.

ಫುಟ್‌ಬಾಲ್ ನಮ್ಮ ಆಟ ಅಲ್ಲ ಬಿಡಿ ಅನ್ನೋರಿಗೆ ಕಬಡ್ಡಿ ಕಥೆ ಹೇಳ್ತೀನಿ. 2019ರ ಮೇ 13ರಿಂದ ಜೂನ್ 4ರವರೆಗೆ ಇಂಡೋ ಇಂಟರ್‌ನ್ಯಾಷನಲ್ ಪ್ರೀಮಿಯರ್ ಕಬಡ್ಡಿ ಲೀಗ್ ಅಂತ ನಡೀತು. ಪುಣೆ, ಮೈಸೂರು, ಬೆಂಗಳೂರಲ್ಲಿ ಪಂದ್ಯ. ನಮ್ಮ ತಂಡ ಬೆಂಗಳೂರು ರೈನೋಸ್ ಫೈನಲ್ ತನಕ ಹೋಗಿತ್ತು. ಇಲ್ಲೂ ಅದೇ ಕಥೆ: ಅಧಿಕೃತ ಕಬಡ್ಡಿ ಫೆಡರೇಷನ್ನಿನ ಮಾನ್ಯತೆ ಇರಲಿಲ್ಲ. ಒಂದೇ ಸೀಸನ್, ಮುಗೀತು.

ನಮ್ಮ ಜಿಲ್ಲೆಯಲ್ಲಿ ಕಬಡ್ಡಿಗೆ ಎಷ್ಟು ಬೇರಿದೆ ಅಂತ ನಿಮಗೇ ಗೊತ್ತು. ಹಬ್ಬ ಬಂದರೆ ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಯುವಕರ ಸಂಘ ಚಂದಾ ಎತ್ತುತ್ತೆ, ಒಬ್ಬರು ಮೊದಲ ಬಹುಮಾನ ಕೊಡ್ತಾರೆ, ಇನ್ನೊಬ್ಬರು ಊಟ ಹಾಕಿಸ್ತಾರೆ. ತಂಡಕ್ಕೆ ಊರಿನ ಹೆಸರು, ಆಡೋರೂ ಆ ಊರಿನ ಹುಡುಗರೇ. ಇದರಲ್ಲಿ ಲಾಭ ಅಂತೇನೂ ಇಲ್ಲ, ಆದರೂ ಮುಂದಿನ ವರ್ಷ ಮತ್ತೆ ನಡೆಯುತ್ತೆ.

ನನಗೆ ಈ ಎಪಿಸೋಡ್ ಮಾಡಬೇಕು ಅನ್ನಿಸಿದ್ದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗ. ಒಳ್ಳೇ ರೈಡರ್. ಯಾವುದೋ ಹೊಸ ಲೀಗ್ ಅಂತ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಬಂತು. ರಿಜಿಸ್ಟ್ರೇಷನ್ ಫೀಸ್ ಕಟ್ಟಿದ, ಬೆಳಗಿನ ಬಸ್ಸಿಗೆ ಟ್ರಯಲ್ಸ್‌ಗೂ ಹೋಗಿ ಬಂದ. ಆಮೇಲೆ ಫೋನೂ ಇಲ್ಲ, ಲೀಗೂ ಇಲ್ಲ. ಚಿಕ್ಕಪ್ಪ ದುಡ್ಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಇವನು ಸುಮಾರು ದಿನ ಪ್ರಾಕ್ಟೀಸಿಗೇ ಹೋಗಲಿಲ್ಲ.

ಅದಕ್ಕೇ, ನಿಮ್ಮ ಮೊಬೈಲಿಗೂ ಅಂಥ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ. ಒಂದು, ಈ ಲೀಗಿಗೆ ಆ ಆಟದ ಅಧಿಕೃತ ಫೆಡರೇಷನ್ನಿನ ಮಾನ್ಯತೆ ಇದೆಯಾ? ಎರಡು, ತಂಡ ಅಭ್ಯಾಸ ಮಾಡೋದು ಎಲ್ಲಿ, ಉಳಿದ ಹನ್ನೊಂದು ತಿಂಗಳು ಅದು ಏನು ಮಾಡುತ್ತೆ? ಮೂರು, ದುಡ್ಡು ಯಾರ ಕಡೆಯಿಂದ ಯಾರ ಕಡೆಗೆ ಹೋಗ್ತಿದೆ? ಆಟಗಾರನಿಂದ ಲೀಗಿಗೆ ಹೋಗ್ತಿದ್ದರೆ ಅಲ್ಲಿ ನೀವು ಆಟಗಾರ ಅಲ್ಲ, ಗಿರಾಕಿ.

ನಾಳೆ ಮಂಡ್ಯದ ಹೆಸರಲ್ಲೂ ಒಂದು ಪ್ರೊ ತಂಡ ಬರಬಹುದು. ಬರಲಿ, ಜರ್ಸಿ ನಾನೂ ಕೊಳ್ತೀನಿ. ಆದರೆ ಮೊದಲು ನೋಡೋದು ತಾರೆ ಯಾರು ಅಂತ ಅಲ್ಲ. ನಮ್ಮ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ಬೆಳಗ್ಗೆ ಆರು ಗಂಟೆಗೆ ಅವರ ಕೋಚ್ ಬಂದು ನಿಂತಿದ್ದಾರಾ, ಮಕ್ಕಳಿಗೆ ಆಟ ಹೇಳಿಕೊಡ್ತಿದ್ದಾರಾ ಅಂತ ನೋಡ್ತೀನಿ.

ನಿಮ್ಮೂರಿನ ಹೆಸರಲ್ಲಿ ಆಡಿ ಈಗ ಇಲ್ಲದ ತಂಡ ಯಾವುದಾದರೂ ನೆನಪಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.