ಪಿಸ್ಟನ್ ಇಂಜಿನ್‌ನ ಲಘು ವಿಮಾನಗಳ ನಿಯತಕಾಲಿಕ ಹಾಗೂ ವಿಶೇಷ ತಪಾಸಣೆ: ಸಾರ್ವಜನಿಕ ಮಾಹಿತಿ

ಶಿವಮೊಗ್ಗ ನಗರ ಮತ್ತು ಭದ್ರಾವತಿಯ ನಡುವೆ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಪ್ರಯಾಣಿಕ ವಿಮಾನಗಳ ಸಂಚಾರ ಆರಂಭವಾಯಿತು. ಸ್ವಂತ ಲಘು ವಿಮಾನವನ್ನು ಕೊಳ್ಳಲು ಅಥವಾ ಇಲ್ಲಿ ನಿಲ್ಲಿಸಲು ಉದ್ದೇಶಿಸುವವರ ಹಾಗೂ ವಿಮಾನ ಚಾಲನಾ ತರಬೇತಿಗೆ ಸೇರಬಯಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಕ್ಷಮ ಪ್ರಾಧಿಕಾರ

ಮೋಟಾರು ವಾಹನಗಳ ಅರ್ಹತಾ ಪತ್ರದಂತೆ ಇದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಪಡೆಯಲಾಗದು. ವಿಮಾನಗಳ ಹಾರಾಟ ಯೋಗ್ಯತೆಯು ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿ.ಜಿ.ಸಿ.ಎ.) ವ್ಯಾಪ್ತಿಗೆ ಸೇರಿದ್ದು, ಅರ್ಜಿಗಳನ್ನು ಅದರ ಇ-ಜಿ.ಸಿ.ಎ. ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಸೋಗಾನೆಯ ನಿಲ್ದಾಣವನ್ನು ಕರ್ನಾಟಕ ರಾಜ್ಯ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮವು ನಿರ್ವಹಿಸುತ್ತಿದೆ. ಆದರೆ ನಿಲುಗಡೆಗೆ ದೊರೆಯುವ ಅನುಮತಿಯು ವಿಮಾನದ ಯೋಗ್ಯತೆಗೆ ಪ್ರಮಾಣವಾಗುವುದಿಲ್ಲ. ಹಾರಾಟ ಯೋಗ್ಯತಾ ಪುನರವಲೋಕನ ಪ್ರಮಾಣಪತ್ರದ ಅವಧಿಯು ಒಂದು ವರ್ಷ.

ತಪಾಸಣೆಯ ಅವಧಿ

ಅವಧಿಯನ್ನು ಹಾರಾಟದ ಗಂಟೆ ಮತ್ತು ದಿನಾಂಕ ಎರಡರಿಂದಲೂ ಎಣಿಸಲಾಗುತ್ತದೆ. ಯಾವುದು ಮೊದಲು ಬರುವುದೋ ಅದೇ ಅನ್ವಯ. ಪ್ರತಿ ವಿಮಾನಕ್ಕೂ ಅನುಮೋದಿತ ನಿರ್ವಹಣಾ ಕಾರ್ಯಕ್ರಮವಿರುತ್ತದೆ. ಸಾಮಾನ್ಯವಾಗಿ 50 ಮತ್ತು 100 ಗಂಟೆಗಳಿಗೊಮ್ಮೆ ತಪಾಸಣೆ ನಡೆಯುತ್ತದೆ. ಲೈಕಮಿಂಗ್ ಇಂಜಿನ್‌ಗಳಲ್ಲಿ ಪೂರ್ಣ ಪ್ರಮಾಣದ ತೈಲ ಶೋಧಕವಿದ್ದರೆ 50 ಗಂಟೆ ಅಥವಾ ನಾಲ್ಕು ತಿಂಗಳಿಗೊಮ್ಮೆ ತೈಲ ಬದಲಿಸಬೇಕೆಂದು ತಯಾರಕರು ಸೂಚಿಸಿದ್ದಾರೆ. ಹಳೆಯ ಶೋಧಕವನ್ನು ಕತ್ತರಿಸಿ, ಅದರಲ್ಲಿ ಲೋಹದ ಕಣಗಳಿವೆಯೇ ಎಂದು ನೋಡಲಾಗುತ್ತದೆ. ಇಂಜಿನ್‌ನ ಪೂರ್ಣ ದುರಸ್ತಿಗೆ ಅನೇಕ ಮಾದರಿಗಳಲ್ಲಿ 2000 ಗಂಟೆಗಳು ನಿಗದಿಯಾಗಿವೆ. ಅಷ್ಟು ಹಾರದಿದ್ದರೂ ಹನ್ನೆರಡನೆಯ ವರ್ಷದಲ್ಲಿ ಅದನ್ನು ಕೈಗೊಳ್ಳಬೇಕೆಂಬುದು ತಯಾರಕರ ಶಿಫಾರಸು.

ಹಾರದೆ ನಿಂತ ವಿಮಾನ

ಬಳಸದ ಯಂತ್ರ ಸವೆಯದು ಎಂಬ ಭಾವನೆಯು ಇಲ್ಲಿ ಸಲ್ಲದು. ಲೈಕಮಿಂಗ್ ಇಂಜಿನ್‌ಗಳಲ್ಲಿ ಕ್ಯಾಮ್ ದಂಡವು ಮೇಲ್ಭಾಗದಲ್ಲಿರುವುದರಿಂದ ವಿಮಾನ ನಿಂತಾಗ ಅದರ ಮೇಲಿನ ತೈಲವು ಕೆಳಗಿಳಿದು ಹೋಗುತ್ತದೆ. ಮಲೆನಾಡಿನ ಮುಂಗಾರಿನ ತೇವದಲ್ಲಿ ಬರಿದಾದ ಉಕ್ಕು ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಮೂವತ್ತು ದಿನಗಳೊಳಗೆ ಒಮ್ಮೆಯಾದರೂ ತೈಲದ ತಾಪ ಸುಮಾರು 74ರಿಂದ 93 ಡಿಗ್ರಿ ಸೆಲ್ಸಿಯಸ್‌ನಲ್ಲಿರುವಂತೆ ಸತತ ಒಂದು ಗಂಟೆ ಹಾರಿಸಬೇಕು. ನೆಲದ ಮೇಲೆಯೇ ಇಂಜಿನ್ ಓಡಿಸುವುದು ಇದಕ್ಕೆ ಪರ್ಯಾಯವಲ್ಲ. ಅದರಿಂದ ತೇವಾಂಶವು ಆವಿಯಾಗದೆ ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ಹಾರಿಸುವ ಉದ್ದೇಶವಿಲ್ಲದವರು ಮುಂಚಿತವಾಗಿಯೇ ಸಂರಕ್ಷಣಾ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ.

ವಿಶೇಷ ತಪಾಸಣೆಗಳು

ರಭಸದಿಂದ ನೆಲಕ್ಕಿಳಿದಾಗ, ಸಿಡಿಲು ಬಡಿದಾಗ, ಪ್ರೊಪೆಲ್ಲರ್ ಯಾವುದಕ್ಕಾದರೂ ತಗುಲಿದಾಗ ಗಂಟೆಗಳ ಲೆಕ್ಕವನ್ನು ನೋಡದೆ ತಪಾಸಣೆ ಮಾಡಿಸತಕ್ಕದ್ದು. ಪ್ರೊಪೆಲ್ಲರ್‌ನ ಅಲಗು ಸ್ವಲ್ಪವೇ ಬಾಗಿದ್ದರೂ ಒಳಗಿನ ಕ್ರ್ಯಾಂಕ್ ದಂಡಕ್ಕೆ ಪೆಟ್ಟಾಗಿರಬಹುದಾದ್ದರಿಂದ ಇಂಜಿನ್ ಬಿಚ್ಚಿ ನೋಡಬೇಕಾಗುತ್ತದೆ. ಹಳೆಯ ಸೆಸ್ನಾ ವಿಮಾನಗಳಿಗೆ ತಯಾರಕರು ತುಕ್ಕು ಮತ್ತು ಬಿರುಕುಗಳ ಪತ್ತೆಗಾಗಿ ಪೂರಕ ತಪಾಸಣಾ ಪಟ್ಟಿಯನ್ನೇ ಹೊರಡಿಸಿದ್ದಾರೆ. ಸೆಸ್ನಾ 172 ಮೊದಲಾದವುಗಳಲ್ಲಿ ಆಸನದ ಹಳಿಗಳನ್ನು 100 ಗಂಟೆ ಅಥವಾ 12 ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಅಮೆರಿಕದ ವಿಮಾನಯಾನ ಆಡಳಿತವು 2011ರಲ್ಲಿ ಆದೇಶಿಸಿದೆ. ಇದು ಸಣ್ಣ ವಿಷಯದಂತೆ ತೋರಬಹುದು. ಆದರೆ ಮೇಲೇರುವ ಹೊತ್ತಿನಲ್ಲಿ ಆಸನವು ಹಿಂದಕ್ಕೆ ಜಾರಿದರೆ ಚಾಲಕನ ಕೈಕಾಲುಗಳಿಗೆ ನಿಯಂತ್ರಣ ಸಾಧನಗಳು ಎಟುಕುವುದಿಲ್ಲ.

ಬಿಡಿಭಾಗಗಳು ಮತ್ತು ದಾಖಲೆಗಳು

ಉಕ್ಕಿನ ಕೆಲಸದಲ್ಲಿ ಭದ್ರಾವತಿಗಿರುವ ಹೆಸರು ಎಲ್ಲರೂ ಬಲ್ಲದ್ದೇ. ಆದಾಗ್ಯೂ ಸ್ಥಳೀಯ ಯಂತ್ರಾಗಾರದಲ್ಲಿ ಅನುಮೋದನೆಯಿಲ್ಲದೆ ತಯಾರಿಸಿದ ಭಾಗವನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ವಿಮಾನಕ್ಕೆ ಅಳವಡಿಸುವಂತಿಲ್ಲ. ಕೆಲಸ ಮುಗಿದ ಬಳಿಕ ಅಧಿಕೃತ ಪರವಾನಗಿ ಹೊಂದಿದ ವಿಮಾನ ನಿರ್ವಹಣಾ ಇಂಜಿನಿಯರ್ ಸೇವಾ ಬಿಡುಗಡೆ ಪ್ರಮಾಣಪತ್ರಕ್ಕೆ ಸಹಿ ಮಾಡುವವರೆಗೆ ವಿಮಾನವು ಹಾರತಕ್ಕದ್ದಲ್ಲ. ಬಳಸಿದ ವಿಮಾನವನ್ನು ಕೊಳ್ಳುವವರು ವಿಮಾನದ ಒಡಲು, ಇಂಜಿನ್ ಮತ್ತು ಪ್ರೊಪೆಲ್ಲರ್ ಮೂರಕ್ಕೂ ಸಂಬಂಧಿಸಿದ ದಾಖಲೆ ಪುಸ್ತಕಗಳನ್ನು ಪರಿಶೀಲಿಸಬೇಕು. ಕಡಿಮೆ ಗಂಟೆಗಳಷ್ಟೇ ಹಾರಿದ ಹಳೆಯ ಇಂಜಿನ್ ಲಾಭದ ವ್ಯಾಪಾರವೆಂದು ಭಾವಿಸುವ ಮುನ್ನ ಅದು ಎಷ್ಟು ಕಾಲ, ಎಲ್ಲಿ ನಿಂತಿತ್ತೆಂದು ವಿಚಾರಿಸುವುದು ಒಳಿತು.

ಅವಧಿ ಮೀರಿದಲ್ಲಿ

ವಿಮಾನವು ಸೋಗಾನೆಯಲ್ಲಿರುವಾಗಲೇ ಪ್ರಮಾಣಪತ್ರದ ಅವಧಿ ಮುಗಿದರೆ, ತಪಾಸಣೆಗೆಂದೇ ಆದರೂ ಅದನ್ನು ಬೆಂಗಳೂರಿಗೆ ಹಾರಿಸಿಕೊಂಡು ಹೋಗುವಂತಿಲ್ಲ. ಇಂಜಿನಿಯರನ್ನು ಇಲ್ಲಿಗೇ ಕರೆಸಿ ಕೆಲಸ ಪೂರೈಸಬೇಕು ಅಥವಾ ಡಿ.ಜಿ.ಸಿ.ಎ.ಯಿಂದ ವಿಶೇಷ ಹಾರಾಟ ಅನುಮತಿ ಪಡೆಯಬೇಕು. ಆದ್ದರಿಂದ ಅವಧಿ ಮುಗಿಯುವ ದಿನಾಂಕವು ಮಳೆಗಾಲದೊಳಗೆ ಬರುವ ಮಾಲೀಕರು ಮೇ ತಿಂಗಳಿನಲ್ಲಿಯೇ ತಪಾಸಣೆಯನ್ನು ಏರ್ಪಡಿಸಿಕೊಳ್ಳುವುದು.