ಕಲಗಚ್ಚಿನಿಂದ ಎರಡು ಬುಟ್ಟಿ, ಒಂದು ಚೀಲಕ್ಕೆ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಕಸ ಬೇರ್ಪಡಿಸುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಾಗಿ ಹಸುವಿನ ಮನೆಗೆ ಹೋಗುತ್ತಿದ್ದವು. ಹಳೇ ಪೇಪರು, ಖಾಲಿ ಸೀಸೆ ಗುಜರಿಯವನ ತಕ್ಕಡಿ ಏರುತ್ತಿದ್ದವು. ಉಳಿದ ಚೂರುಪಾರಷ್ಟೇ ಬೀದಿ ತಿರುವಿನ ತೊಟ್ಟಿಗೆ ಬೀಳುತ್ತಿತ್ತು. ಊರು ಬೆಳೆಯಿತು, ಹಸು ಹೋಯಿತು, ಪ್ಲಾಸ್ಟಿಕ್ ಕವರು ಬಂತು. ಎಲ್ಲವೂ ಒಂದೇ ಗಂಟಾಗಿ ತೊಟ್ಟಿ ಸೇರತೊಡಗಿತು.

ಊರಿನ ಕಸವನ್ನು ಗೊಬ್ಬರ ಮಾಡಲೆಂದು 1975ರಲ್ಲೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತ್ತು. ಆದರೆ ಗಾಜು, ಪ್ಲಾಸ್ಟಿಕ್ ಬೆರೆತ ರಾಶಿಯಿಂದ ಎಂಥ ಗೊಬ್ಬರ ಬಂದೀತು? ಅಡುಗೆಮನೆಯಲ್ಲಿ ಆಗಬೇಕಿದ್ದ ಕೆಲಸವನ್ನು ಕಾರ್ಖಾನೆಯ ಜರಡಿಗೆ ಬಿಟ್ಟಿದ್ದೆವು.

1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ದೇಶಕ್ಕೆಲ್ಲ ಅನ್ವಯಿಸಿದ 2000ದ ಘನತ್ಯಾಜ್ಯ ನಿಯಮಗಳ ಹಿಂದೆ ಇದ್ದದ್ದು ಆ ಮೊಕದ್ದಮೆಯೇ. ಅದೇ ಹೊತ್ತಿಗೆ 'ಸ್ವಚ್ಛ ಬೆಂಗಳೂರು' ಯೋಜನೆಯಲ್ಲಿ ತಳ್ಳುಗಾಡಿ ಮನೆಬಾಗಿಲಿಗೆ ಬಂತು, ಬೀದಿಯ ತೊಟ್ಟಿಗಳು ಒಂದೊಂದಾಗಿ ಕಣ್ಮರೆಯಾದವು. ಒಳ್ಳೆಯ ಸುಧಾರಣೆಯೇ, ಆದರೆ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ. ಬಾಗಿಲಿಂದ ಹೋದ ಕಸ ಎಲ್ಲಿ ಇಳಿಯುತ್ತದೆಂದು ನಾವು ಕೇಳಲೇ ಇಲ್ಲ.

ಇಳಿಯುತ್ತಿದ್ದದ್ದು ಯಲಹಂಕದಾಚೆಯ ಮಾವಳ್ಳಿಪುರದಲ್ಲಿ, ಬೂದಿಗೆರೆ ಕಡೆಯ ಮಂಡೂರಿನಲ್ಲಿ. ಬೆರೆತ ಕಸ ಕೊಳೆತಾಗ ಒಸರುವ ಕಪ್ಪು ನೀರು ನೆಲಕ್ಕೆ ಇಂಗುತ್ತದೆ, ಬಾವಿಗೂ ಕೆರೆಗೂ ಸೇರುತ್ತದೆ. ನೊಣ, ನಾತ, ಹೊಗೆಯ ನಡುವೆ ಹಳ್ಳಿಯವರು ವರ್ಷಗಟ್ಟಲೆ ಬಾಳಿದರು. ಕಡೆಗೆ ಲಾರಿಗಳಿಗೆ ಅಡ್ಡ ನಿಂತರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು, 'ಉದ್ಯಾನ ನಗರಿ'ಯ ಬೀದಿಗಳಲ್ಲಿ ವಾರಗಟ್ಟಲೆ ಗುಡ್ಡೆಗಳೆದ್ದವು. ಆ ಅಕ್ಟೋಬರ್‌ನಲ್ಲೇ ಪಾಲಿಕೆ ಮೂಲದಲ್ಲೇ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. 2014ರ ಡಿಸೆಂಬರ್‌ನಲ್ಲಿ ಮಂಡೂರಿನ ಬಾಗಿಲೂ ಮುಚ್ಚಿತು. ಬೆಂಗಳೂರಿನ ಅಡುಗೆಮನೆಗೆ ಎರಡನೇ ಬುಟ್ಟಿ ತಂದವರು ಈ ಹಳ್ಳಿಗರು. ಯಾವ ಜಾಗೃತಿ ಫಲಕಕ್ಕೂ ಆ ಶಕ್ತಿ ಇರಲಿಲ್ಲ.

ಹೈಕೋರ್ಟು ಆ ಬುಟ್ಟಿಗೆ ಬಣ್ಣ ಕೊಟ್ಟಿತು. 2015ರ ಡಿಸೆಂಬರ್‌ನ ಆದೇಶದಂತೆ ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಪ್ಯಾಡ್‌ನಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮರುವರ್ಷದ ಕೇಂದ್ರ ನಿಯಮಗಳು ಹೆಚ್ಚು ಕಸ ಹುಟ್ಟಿಸುವ ದೊಡ್ಡ ಅಪಾರ್ಟ್‌ಮೆಂಟ್‌ಗಳ ಮೇಲೆ ಹಸಿ ಕಸದ ವಿಲೇವಾರಿಯ ಹೊಣೆಯನ್ನೇ ಹೊರಿಸಿದವು.

ಈ ಕಥೆಯಲ್ಲಿ ಎಲ್ಲರಿಗಿಂತ ಮೊದಲೇ ಬೇರ್ಪಡಿಸುತ್ತಿದ್ದವರು ಚಿಂದಿ ಆಯುವವರು. ಕಾಗದ ಯಾವುದು, ಹಾಲಿನ ಕವರು ಯಾವುದು, ಯಾವುದಕ್ಕೆ ಕಿಲೋಗೆ ಎಷ್ಟು ಎಂಬುದು ಅವರ ಬೆರಳಿಗೇ ಗೊತ್ತು. 2011ರಿಂದ ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಡತೊಡಗಿತು. 'ಹಸಿರು ದಳ'ದಂಥ ಸಂಘಟನೆಗಳ ಬಲದಿಂದ ಹಲವರು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸುವಂತಾದರು. ನಿನ್ನೆ ಪೊಲೀಸರ ಲಾಠಿಗೆ ಹೆದರಿ ರಾತ್ರಿ ಚೀಲ ಹೊತ್ತವರು ಇಂದು ತೂಕದ ಪುಸ್ತಕ ಬರೆಯುತ್ತಾರೆ. ಇಷ್ಟು ವರ್ಷದ ಸುಧಾರಣೆಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

2021ರಲ್ಲಿ ಕಸಕ್ಕೆಂದೇ ಪ್ರತ್ಯೇಕ ಕಂಪನಿ ಬಂತು. ಆದರೆ ಮಾವಳ್ಳಿಪುರ, ಮಂಡೂರು ಮುಚ್ಚಿದ ಮೇಲೂ ಊರಾಚೆಯ ಕಲ್ಲುಕ್ವಾರಿಗಳಿಗೆ ಕಸ ಸುರಿಯುವುದು ಮಾತ್ರ ನಿಂತಿಲ್ಲ. ಅಡುಗೆಮನೆಯಲ್ಲಿ ಬೇರೆಯಾದದ್ದು ದಾರಿಯಲ್ಲಿ ಮತ್ತೆ ಕೂಡುವ ಜಾಗವೊಂದಿದೆ: ಮನೆಮನೆಯ ಕಸ ಹೊತ್ತ ಆಟೋ ಟಿಪ್ಪರ್‌ನಿಂದ ಕಾಂಪ್ಯಾಕ್ಟರ್ ಲಾರಿಗೆ ಸುರಿಯುವ ರಸ್ತೆ ಬದಿ. ಅದನ್ನು ಕಂಡ ಗೃಹಿಣಿ ಮರುದಿನ ಎರಡು ಬುಟ್ಟಿ ಇಟ್ಟಾಳೇಕೆ? ಟಿಪ್ಪರ್ ಬರುವ ಮೊದಲೇ ಕೆಲಸಕ್ಕೆ ಹೊರಡುವ ಬಾಡಿಗೆಯವರದು ಇನ್ನೊಂದು ಪಾಡು. ಅವರ ಗಂಟು ಕತ್ತಲಲ್ಲೇ ಹಳೇ ತೊಟ್ಟಿಯಿದ್ದ ಮೂಲೆ ಹುಡುಕುತ್ತದೆ. ಬೆಳಗಾದರೆ ಪೌರಕಾರ್ಮಿಕರು ಆ ಮೂಲೆ ಗುಡಿಸಿ, ನೀರು ಚಿಮುಕಿಸಿ ರಂಗೋಲಿ ಹಾಕುತ್ತಾರೆ. ರಂಗೋಲಿ ತುಳಿಯಲು ಹಿಂಜರಿದವನು ನಾಲ್ಕು ಹೆಜ್ಜೆ ಆಚೆ ಕವರು ಇಟ್ಟು ಹೋಗುತ್ತಾನೆ.